ಮೂವತ್ತೆರಡು ಯಂತ್ರಗಳ ಸಾಕ್ಷಿ

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ರುವಾನ್ ಪೇಲಿಂಗ್ ಅಷ್ಟೆಲ್ಲ ಕಾಯಲಿಲ್ಲ. ಮೂರೇ ವರ್ಷಕ್ಕೆ ಬಂದಳು. ಶಾಜಿಂಗ್‌ನ ಅದೇ ಕಾರ್ಖಾನೆಯ ಅದೇ ಕಬ್ಬಿಣದ ಗೇಟಿಗೆ, ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ, ಕೊರಳಲ್ಲಿ ತಪಾಸಣೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡು ಬಂದು ನಿಂತಳು. ಕಾವಲಿನವನು ಹೊಸಬ. ಹೆಸರು ಬರೆಸಿಕೊಂಡು ಒಳಗೆ ಬಿಟ್ಟ.

ಅಂಗಳದಲ್ಲಿ ಬೆಳಗಿನ ಸಭೆ ನಡೆಯುತ್ತಿತ್ತು. ನೀಲಿ ಅಂಗಿಯ ಕೆಲಸಗಾರರು ಸಾಲಾಗಿ ನಿಂತಿದ್ದರು. ಸರಕು ಪೇರಿಸುವ ಮರದ ಹಲಗೆಯ ಮೇಲೆ ಒಬ್ಬ ಹುಡುಗಿ ಹತ್ತಿ ನಿಂತು ಕಾಗದ ಓದುತ್ತಿದ್ದಳು. "ತಿರುಪು ಸಡಿಲ ಬಿಟ್ಟಿದ್ದು ನನ್ನ ಅಸಡ್ಡೆ. ಎಲ್ಲರ ಮುಂದೆ ಒಪ್ಕೊಳ್ತೀನಿ." ಅವಳ ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಕ್ಷರ: ವರದಿಯಲ್ಲಿ ಯಾರ ಹೆಸರೋ, ಅಂಗಳದಲ್ಲಿ ಅವರದೇ ಓದು.

ಈ ನಿಯಮ ಮಾಡಿದವನು ಕಾರ್ಖಾನೆಯ ಯಜಮಾನ ಕುವಾಂಗ್ ದೆಲಿನ್. ಆ ಹಲಗೆ ಹತ್ತಿದವರಲ್ಲಿ ಮೊದಲನೆಯವಳು ಇದೇ ಪೇಲಿಂಗ್.

ಆಗ ಅವಳು ಇಲ್ಲಿ ಎಂಜಿನಿಯರ್. ಇವರು ಮಾಡುವುದು ಅಂಗೈಯಲ್ಲಿ ಹಿಡಿದು ಹಳೆಯ ಆಟಗಳನ್ನು ಆಡುವ ಪುಟ್ಟ ಲಿನಕ್ಸ್ ಯಂತ್ರ. ಆಟ ಚೆನ್ನಾಗಿ ಆಡಿಸುತ್ತದೆ, ವಿಡಿಯೋ ಎಂದರೆ ಏದುಸಿರು ಬಿಡುತ್ತದೆ. ಫೋನಿನಲ್ಲಿ ತೆಗೆದ ದೊಡ್ಡ ವಿಡಿಯೋ ಹಾಕಿದರೆ ಮಾತು ಮುಂದೆ ಓಡುತ್ತದೆ, ತುಟಿ ಹಿಂದೆ ಉಳಿಯುತ್ತದೆ. ಕುವಾಂಗ್ ಮಾತ್ರ ಡಬ್ಬಿಯ ಮೇಲೆ 'ಎಲ್ಲ ವಿಡಿಯೋ ನೋಡಬಹುದು' ಎಂದು ಅಚ್ಚು ಹಾಕಿಸಿಬಿಟ್ಟಿದ್ದ. ಗಿರಾಕಿ ಬಂದಾಗ ತೋರಿಸಲು ಮೀನುಗಳ ಒಂದು ಚಂದದ ವಿಡಿಯೋ ಇತ್ತು; ಅದನ್ನು ಮೊದಲೇ ಸ್ಕ್ರೀನಿನ ಅಳತೆಗೆ ಕುಗ್ಗಿಸಿ ಇಟ್ಟಿದ್ದರು. ಕುಗ್ಗಿಸಿಕೊಟ್ಟವಳೂ ಪೇಲಿಂಗೇ, ಅದನ್ನೇನು ಮುಚ್ಚಿಡುವುದು. ಜೊತೆಗೆ ಮನೆಯಲ್ಲಿ ಕೂತು ನಿಜವಾದ ದಾರಿಯನ್ನೂ ಹುಡುಕಿದಳು. ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಯಂತ್ರದ ಚಿಪ್ ಒಳಗೆ ಅದಕ್ಕೆಂದೇ ಇರುವ ಭಾಗಕ್ಕೆ ಒಪ್ಪಿಸಬೇಕು. ದನಿಯನ್ನೇ ಗಡಿಯಾರ ಮಾಡಿಕೊಂಡು, ಚಿತ್ರ ಹಿಂದೆ ಬಿದ್ದಾಗ ಒಂದೆರಡು ಚಿತ್ರ ಹಾರಿಸಿ ದನಿಯನ್ನು ಹಿಡಿಯಬೇಕು. ಹಾಗೆ ವಿಡಿಯೋ ಓಡಿಸುವ ಒಂದು ಪ್ಲೇಯರ್ ಪ್ರೋಗ್ರಾಂ ಬರೆದು ಕೊಟ್ಟು, ಎರಡು ವಾರ ಸಮಯ ಕೇಳಿದಳು.

"ಎರಡು ವಾರನಾ? ಹಡಗು ನಿಮ್ಮಪ್ಪ ನಿಲ್ಲಿಸ್ತಾನಾ?" ಅಂದಿದ್ದ ಕುವಾಂಗ್. ಹಳೆಯ ಪ್ಲೇಯರ್ ಹಾಕಿಯೇ ಸಾಗಿಸಿಬಿಟ್ಟ.

ಜರ್ಮನಿಯ ಗಿರಾಕಿಯಿಂದ ದೂರು ಬಂತು. ಯಾರ ತಲೆಗೆ ಕಟ್ಟಬೇಕು? 'ನಮ್ಮ ಎಂಜಿನಿಯರ್ ರುವಾನ್ ಯಾರನ್ನೂ ಕೇಳದೆ ತನ್ನದೊಂದು ಪ್ಲೇಯರ್ ಹಾಕಿದ್ದೇ ಕಾರಣ, ಅದನ್ನು ತೆಗೆದುಹಾಕಿದ್ದೇವೆ' ಎಂದು ಪತ್ರ ಬರೆದು ಮೊಹರು ಒತ್ತಿದ. ಅವಳಿಂದ ತಪ್ಪೊಪ್ಪಿಗೆ ಬರೆಸಿದ, ಮೂರು ಪುಟ. ಒಂದು ಸಲ ಅಲ್ಲ, ನಾಲ್ಕು ಸಲ. ಪ್ರತಿ ಸಲವೂ ಕಾಗದ ಹಿಂದಕ್ಕೆ ಎಸೆದು, "ಮನಸ್ಸು ಕಾಣ್ತಿಲ್ಲ. ಇನ್ನೊಂದ್ಸಲ ಬರಿ," ಅನ್ನುತ್ತಿದ್ದ. ಬರೆಯದಿದ್ದರೆ ಬೇರೆ ಕಡೆ ಕೆಲಸ ಸಿಗದ ಹಾಗೆ ಮಾಡುತ್ತೇನೆ ಎಂದೂ ಅಂದಿದ್ದ. ಮೇ ಇಪ್ಪತ್ತೆಂಟರ ಬೆಳಿಗ್ಗೆ ಅವಳು ಆ ಹಲಗೆ ಹತ್ತಿ ಓದಿದಳು; ಓದಿಸಿಯೂ ಕೆಲಸದಿಂದ ಓಡಿಸಿದ. ಕಚೇರಿ ನೋಡಿಕೊಳ್ಳುವ ಪಾಂಗ್ ಮೇಡಂ, ಸಿಕ್ಕಿದ್ದನ್ನೆಲ್ಲ ಫೋನಿನಲ್ಲಿ ಹಿಡಿಯುವ ಚಾಳಿಯವಳು, ಆ ಓದನ್ನು ಪೂರ್ತಿ ವಿಡಿಯೋ ತೆಗೆದು ಕಾರ್ಖಾನೆಯವರ ಫೋನ್ ಗುಂಪಿಗೆ ಹಾಕಿದಳು.

ಗುಂಪಿನಿಂದ ಗುಂಪಿಗೆ ಹಾರಿ ಅದು ಮೇಝೌನ ಹಳ್ಳಿಯಲ್ಲಿದ್ದ ಅವಳ ಅಪ್ಪನ ಫೋನಿಗೂ ಹೋಯಿತು. ಅಪ್ಪ ಶಾಲಾ ಮೇಷ್ಟ್ರಾಗಿದ್ದವರು, ಲೆಕ್ಕದಲ್ಲಿ ಮಗಳು ತಪ್ಪು ಮಾಡುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವರು. ಸಂಜೆ ಫೋನ್ ಮಾಡಿದರು. "ಊಟ ಆಯ್ತಾ?" ಅಂದರು. ಇವಳು "ಹೂಂ" ಅಂದಳು. ಅಷ್ಟೇ, ಇಟ್ಟುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೂರು ವರ್ಷದಲ್ಲಿ ಅವರು ವಿಡಿಯೋದ ವಿಷಯ ಎತ್ತಲಿಲ್ಲ, ಇವಳ ಕೆಲಸದ ವಿಷಯವನ್ನೂ ಎತ್ತಲಿಲ್ಲ. ಹೇಳಿ, ಯಾರ ಹೊಟ್ಟೆ ಉರಿಯುವುದಿಲ್ಲ?

ಈಗ ಅದೇ ಗಿರಾಕಿ, ಮೂರು ಸಾವಿರ ಯಂತ್ರದ ಸರಕು. ಗಿರಾಕಿ ನೇಮಿಸಿದ ತಪಾಸಣೆಯವರ ಸಹಿ ಇಲ್ಲದೆ ಒಂದು ಡಬ್ಬಿಯೂ ಗೇಟು ದಾಟುವಂತಿಲ್ಲ. ಕಾರ್ಖಾನೆಯ ಹೆಸರು ಪಟ್ಟಿಯಲ್ಲಿ ಕಂಡ ದಿನ ಪೇಲಿಂಗ್ ತಾನೇ ಕೇಳಿ ಆ ಕೆಲಸ ತೆಗೆದುಕೊಂಡಿದ್ದಳು. ಹಿಂದೆ ಇಲ್ಲಿ ದುಡಿದಿದ್ದೆ ಎಂದು ಕಂಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು.

ಸಭೆ ಮುಗಿಯಿತು. ಕುವಾಂಗ್ ಅವಳನ್ನು ನೋಡಿದ, ಒಂದು ಗಳಿಗೆ ಕಣ್ಣು ಕಿರಿದಾಯಿತು, ಆಮೇಲೆ ಬಾಯಿ ತುಂಬ ನಗು.

"ಓಹೋ, ನಮ್ಮ ಚಿಕ್ಕ ರುವಾನ್. ತವರುಮನೆಗೆ ಬಂದ ಹಾಗೆ ಆಯ್ತಲ್ಲ. ನೋಡ್ರಪ್ಪಾ, ಇಲ್ಲಿ ಕಲಿತೋರು ಎಲ್ಲಿ ಹೋದ್ರೂ ಮೇಲೆ ಬರ್ತಾರೆ."

"ತಪಾಸಣೆಯವರು ಅಂತ ಕರೀರಿ, ಕುವಾಂಗ್ ಸಾಹೇಬ್ರೇ."

"ಅಯ್ಯೋ, ಇನ್ನೂ ಕೋಪನಾ? ಹಳೇದೆಲ್ಲ ಹೊಳೆಗೆ ಹಾಕು. ಮೊದಲು ಚಹಾ ಕುಡಿ, ಮಧ್ಯಾಹ್ನ ಹುರಿದ ಕಡಲ ಸಿಂಪಿ ತರಿಸ್ತೀನಿ." ಅವನು ಮುಂದೆ ಚಾಚಿದ ಚಹಾ ತಟ್ಟೆಯ ಕೆಳಗಿನಿಂದ ದುಡ್ಡು ತುಂಬಿದ ಕೆಂಪು ಲಕೋಟೆಯ ಅಂಚು ಇಣುಕುತ್ತಿತ್ತು.

"ಚಹಾ ಬೇಡ. ತಟ್ಟೆ ಕೆಳಗಿರೋದೂ ಬೇಡ. ಗೋದಾಮು ತೋರಿಸಿ."

ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳು ಗೋಡೆಯ ಹಾಗೆ ನಿಂತಿದ್ದವು. ಮುಂದಿನ ಸಾಲನ್ನು ಕೈಗೆ ಎಟಕುವಂತೆ ಅಂದವಾಗಿ ಜೋಡಿಸಿದ್ದರು. ಪೇಲಿಂಗ್ ಅದರ ಕಡೆ ನೋಡಲೂ ಇಲ್ಲ. "ಹಿಂದಿನ ಗೋಡೆ, ಕೆಳಗಿನ ಸಾಲು. ಅಲ್ಲಿಂದ ತೆಗೀರಿ," ಅಂದಳು.

"ಅದಕ್ಯಾಕೆ ಅಷ್ಟು ಕಷ್ಟ? ಮುಂದೆ ಇಲ್ವಾ?"

"ಮುಂದಿನ ಸಾಲನ್ನ ಮದುವೆ ಹೆಣ್ಣಿನ ಹಾಗೆ ಸಿಂಗರಿಸಿ ಇಡ್ತೀರಿ. ನಾನೇ ಎಷ್ಟು ಸಲ ಸಿಂಗರಿಸಿದ್ದೀನಿ, ನಂಗೆ ಗೊತ್ತಿಲ್ವಾ?"

ಕೂಲಿಯವರು ಮುಖ ತಿರುಗಿಸಿಕೊಂಡು ನಕ್ಕರು. ಅರ್ಧ ಗೋದಾಮು ಕೆಡವಿ, ತಳದಿಂದ ಮೂವತ್ತೆರಡು ಯಂತ್ರ ತೆಗೆದರು. ಅವನ್ನು ಬಿಸಿಕೋಣೆಗೆ ಸಾಗಿಸಿದರು. ಹೊಸ ಯಂತ್ರಗಳನ್ನು ಸಾಗಿಸುವ ಮುಂಚೆ ದಿನವಿಡೀ ಓಡಿಸಿ ನೋಡುವ ಕೋಣೆ ಅದು. ಕಬ್ಬಿಣದ ಅಟ್ಟಣಿಗೆಗಳು, ನಲವತ್ತು ಡಿಗ್ರಿ ಸೆಕೆ. ಅದರ ಒಡತಿ ಲಿಯಾವ್, ಕಾರ್ಖಾನೆಯವರಿಗೆಲ್ಲ ಅತ್ತಿಗೆ. ಹುನಾನಿನ ಹೆಂಗಸು, ಖಾರ ತಿಂದು ಖಾರವಾಗಿಯೇ ಮಾತಾಡುವವಳು. ಆ ಹಲಗೆಯನ್ನು ಅವಳೂ ಎರಡು ಸಲ ಹತ್ತಿದ್ದಳು.

"ಬಂದ್ಯಾ ತಾಯಿ," ಅಂದಳು ಲಿಯಾವ್ ಅತ್ತಿಗೆ, ಬೆವರು ಒರೆಸಿಕೊಳ್ಳುತ್ತ. "ಮುಖ ನೋಡಿದ್ರೇ ಗೊತ್ತಾಗುತ್ತೆ, ಯಾರದೋ ಹೆಣ ಬೀಳುತ್ತೆ ಇವತ್ತು."

"ನಿಂದಲ್ಲ ಬಿಡು ಅತ್ತಿಗೆ. ಇದನ್ನ ಮೂವತ್ತೆರಡು ಖಾಲಿ ಕಾರ್ಡಿಗೂ ನಕಲು ಮಾಡಿಕೊಡು." ಪೇಲಿಂಗ್ ಒಂದು ಮೆಮೊರಿ ಕಾರ್ಡ್ ಕೊಟ್ಟಳು.

ಗಿರಾಕಿಯ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕಾರ್ಖಾನೆಯವರು ಸಿದ್ಧಪಡಿಸಿಟ್ಟದ್ದಲ್ಲದ, ತಪಾಸಣೆಯವರೇ ತಂದ ವಿಡಿಯೋ ಹಾಕಿ ಪ್ರತಿ ಯಂತ್ರವನ್ನೂ ಪರೀಕ್ಷಿಸಬೇಕು, ಹತ್ತು ನಿಮಿಷ ತುಟಿಗೂ ದನಿಗೂ ತಪ್ಪಬಾರದು. ಆ ಹಳೆಯ ದೂರಿನ ಮೇಲೆ ಹುಟ್ಟಿದ ನಿಯಮ. ಪೇಲಿಂಗ್ ತಂದದ್ದು ಪಾಂಗ್ ಮೇಡಂ ತೆಗೆದಿದ್ದ ಅದೇ ವಿಡಿಯೋ. ದೊಡ್ಡ ಅಳತೆಯದು, ಕುಗ್ಗಿಸದ್ದು, ಹನ್ನೊಂದು ನಿಮಿಷದ್ದು. ಅವಳ ಲೆಕ್ಕ ಸರಳವಾಗಿತ್ತು. ಇವನು ಜಿಪುಣ, ಹೊಸ ಎಂಜಿನಿಯರನ್ನು ಇಟ್ಟಿರುವುದಿಲ್ಲ. ಹಳೆಯ ಪ್ಲೇಯರೇ ಇರುತ್ತದೆ. ಎರಡು ನಿಮಿಷದಲ್ಲಿ ದನಿ ತಪ್ಪುತ್ತದೆ. ಅವಳ ಅವಮಾನದ ವಿಡಿಯೋವೇ ಅವನ ಮೂರು ಸಾವಿರ ಯಂತ್ರವನ್ನು ಮುಳುಗಿಸಬೇಕು. ಮೂರು ವರ್ಷ ಮಲಗುವಾಗ ಎದ್ದಾಗ ಕಂಡ ಕನಸು ಇದೇ.

ಕಾರ್ಡುಗಳನ್ನು ಯಂತ್ರಗಳ ಖಾಲಿ ಸಂದಿಗೆ ಹಾಕಿ, ಒಂದೊಂದನ್ನೇ ಚಾಲೂ ಮಾಡಿ, ವಿಡಿಯೋಗಳ ಪಟ್ಟಿಯನ್ನು ಹೊಸದಾಗಿ ಓದಿಸಿದಳು. ಕುವಾಂಗ್ ಬಾಗಿಲಲ್ಲಿ ನಿಂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಪಾಂಗ್ ಮೇಡಂ ಅವನ ಹಿಂದೆ. ಪೇಲಿಂಗ್ ಗುಂಡಿ ಒತ್ತಿದಳು, ಲಿಯಾವ್ ಅತ್ತಿಗೆ ಉಳಿದವನ್ನು ಒತ್ತಿದಳು.

ಮೂವತ್ತೆರಡು ಸ್ಕ್ರೀನಿನಲ್ಲಿ ಮೂವತ್ತೆರಡು ಪೇಲಿಂಗ್ ಹಲಗೆ ಹತ್ತಿದರು. ಕುವಾಂಗನ ಬೀಸಣಿಗೆ ನಿಂತಿತು.

"ಇದೇನಿದು?"

"ವಿಡಿಯೋ. ಡಬ್ಬಿ ಮೇಲೆ 'ಎಲ್ಲ ವಿಡಿಯೋ' ಅಂತ ಬರೆದಿದ್ದೀರಲ್ಲ."

ಒಂದು ನಿಮಿಷ. ಎರಡು. ನಾಲ್ಕು. ಪೇಲಿಂಗ್ ತನ್ನದೇ ತುಟಿಯನ್ನು ನೋಡುತ್ತ ನಿಂತಳು. 'ಕೇಳದೆ ನನ್ನ ಪ್ಲೇಯರ್ ಹಾಕಿದ್ದು ನನ್ನ ಸೊಕ್ಕು. ಆ ದಾರಿಯೇ ತಪ್ಪು.' ತುಟಿ ಮುಚ್ಚಿದಾಗ ಮಾತು ನಿಲ್ಲುತ್ತಿತ್ತು, ತುಟಿ ತೆರೆದಾಗ ಮಾತು ಬರುತ್ತಿತ್ತು. ಏಳು ನಿಮಿಷ. ಹತ್ತು. ಎಲ್ಲಿಯೂ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಅವಳ ಲೆಕ್ಕ ತಲೆಕೆಳಗಾಯಿತು. ಕುವಾಂಗ್‌ಗೆ ಮತ್ತೆ ಉಸಿರು ಬಂತು. "ಹೇಗಿದೆ? ನೀನು ಹೋದ ಮೇಲೆ ಎಲ್ಲ ಸರಿ ಮಾಡ್ಸಿದೀವಿ ಕಣಮ್ಮ. ಹೊಟ್ಟೆಕಿಚ್ಚು ಇಟ್ಕೊಂಡು ಬಂದ್ರೆ ಹೊಟ್ಟೇನೇ ಸುಡೋದು."

ಏನಾದರೊಂದು ಗೀರು ಹುಡುಕಿ ಸರಕು ತಿರಸ್ಕರಿಸಬಹುದಿತ್ತು. ಮನಸ್ಸು ಮಾಡಿದ ತಪಾಸಣೆಯವರಿಗೆ ಗೀರಿಗೇನು ಬರ. ಪೆನ್ನನ್ನು ತೆಗೆದೂ ಬಿಟ್ಟಿದ್ದಳು. ಆದರೆ ದನಿ ಹೇಗೆ ಸರಿಹೋಯಿತು ಎಂಬುದು ಅವಳ ತಲೆಯಲ್ಲಿ ಕೊರೆಯುತ್ತಿತ್ತು. ಎಂಜಿನಿಯರ್ ಬುದ್ಧಿ, ಸೇಡಿನ ನಡುವೆಯೂ ಸುಮ್ಮನಿರುವುದಿಲ್ಲ. ಒಂದು ಯಂತ್ರಕ್ಕೆ ಕೀಬೋರ್ಡ್ ಸಿಕ್ಕಿಸಿ, ಕಪ್ಪು ಪರದೆ ತೆರೆದು, ಪ್ಲೇಯರ್ ಓಡಿಸುವ ಫೈಲನ್ನು ಹುಡುಕಿ ಬಿಡಿಸಿದಳು.

ಮೊದಲ ಸಾಲು ಯಂತ್ರಕ್ಕಲ್ಲ, ಓದುವ ಮನುಷ್ಯರಿಗೆ ಬರೆದದ್ದು. 'ಮಾತು ಓಡಬಾರದು, ತುಟಿ ಕಾಯಬಾರದು. ರುವಾನ್, ಮಾರ್ಚ್ 6.'

ಅದರ ಕೆಳಗೆ ಅವಳ ಪ್ಲೇಯರ್, ಒಂದು ಅಕ್ಷರವೂ ಬದಲಾಗದೆ. ಈ ಊರಿನ ಎಂಜಿನಿಯರುಗಳಿಗೆಲ್ಲ ಒಂದೇ ವೇದವಾಕ್ಯ: ಓಡ್ತಾ ಇದ್ರೆ ಮುಟ್ಬೇಡ. ಯಾರೋ ಅವಳ ಫೈಲನ್ನು ಇಡಿಯಾಗಿ ಎತ್ತಿ ಹಾಕಿದ್ದರು. ಒಂದು ಸಾಲು ಅಳಿಸಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿ ಹೆಸರನ್ನೂ ಹಾಗೇ ಬಿಟ್ಟಿದ್ದರು. ಅವಳನ್ನು ಓಡಿಸಿ, ಅವಳ ಕೆಲಸವನ್ನು ಮಾತ್ರ ಇಟ್ಟುಕೊಂಡು ಮೂರು ವರ್ಷ ಉಂಡಿದ್ದ, ಮಹಾನುಭಾವ ಕುವಾಂಗ್.

ಈಗ ಈ ಸರಕನ್ನು ತಿರಸ್ಕರಿಸಿದರೆ ತನ್ನ ಪ್ಲೇಯರನ್ನು ತಾನೇ ತಪ್ಪು ಎಂದ ಹಾಗೆ. ಅದೇ ತಪ್ಪೊಪ್ಪಿಗೆಗೆ ಎರಡನೆಯ ಸಲ ಸಹಿ, ಈ ಸಲ ಯಾರೂ ಒತ್ತಾಯ ಮಾಡದೆ. ಛೀ, ಅದೊಂದು ಸಾಯುವವರೆಗೂ ಆಗದು. ಪೆನ್ನಿಗೆ ಮುಚ್ಚಳ ಹಾಕಿದಳು.

ಆಮೇಲೆ ವರದಿಯ ಕೊನೆಯ ಪುಟ ತೆಗೆದಳು. ಅಲ್ಲೊಂದು ಕಾಲಂ ಇತ್ತು: ಹಿಂದಿನ ದೂರು, ಅದರ ಕಾರಣ, ಆ ಕಾರಣವನ್ನು ತೆಗೆದುಹಾಕಲಾಗಿದೆಯೇ. ಮೊದಲೆರಡು ಮನೆ ಗಿರಾಕಿಯೇ ತುಂಬಿಸಿ ಕಳಿಸಿದ್ದ. ಕಾರಣ: ಎಂಜಿನಿಯರ್ ರುವಾನಳ ಪ್ಲೇಯರ್.

"ಕುವಾಂಗ್ ಸಾಹೇಬ್ರೇ, ಇಲ್ಲಿ ಬನ್ನಿ," ಅಂದಳು. ದನಿ ಈಗ ತಣ್ಣಗಿತ್ತು. "ಆವತ್ತು ಗಿರಾಕಿಗೆ ಬರೆದ್ರಿ, ನನ್ನ ಪ್ಲೇಯರಿಂದಾನೇ ತೊಂದರೆ, ತೆಗೆದುಹಾಕಿದೀವಿ ಅಂತ. ಇದೇನು?"

ಅವನು ಬಗ್ಗಿ ನೋಡಿದ. ಅವನಿಗೆ ಓದಲು ಬಂದದ್ದು ಮೊದಲ ಸಾಲು ಮಾತ್ರ, ಅಷ್ಟು ಸಾಕಾಯಿತು. ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಇದು ನೀನು ಈಗ ಬರೆದಿದ್ದು. ಕೀಬೋರ್ಡ್ ನಿನ್ನ ಕೈಯಲ್ಲೇ ಇದೆ. ಪಾಂಗ್, ನೋಡಿದ್ಯಾ? ಇವಳೇ ಈಗ ಟೈಪ್ ಮಾಡಿದ್ಲು."

"ಹಾಗಾ? ಹಾಗಿದ್ರೆ ಮುಂದಿನ ಸಾಲಿನ ಪೆಟ್ಟಿಗೆ ತರಿಸಿ. ನೀವೇ ಸಿಂಗರಿಸಿದ್ದು. ಮೊಹರು ನೀವೇ ಒಡೀರಿ. ನಾನು ಮುಟ್ಟಲ್ಲ. ಅತ್ತಿಗೆ ಓದ್ಲಿ."

ತರಿಸದೆ ವಿಧಿಯಿರಲಿಲ್ಲ, ಅಷ್ಟು ಜನ ನಿಂತಿದ್ದರು. ಕುವಾಂಗನೇ ಅಂಟುಪಟ್ಟಿ ಕಿತ್ತ. ಲಿಯಾವ್ ಅತ್ತಿಗೆ ಯಂತ್ರಕ್ಕೆ ಕೀಬೋರ್ಡ್ ಸಿಕ್ಕಿಸಿದಳು, ಪೇಲಿಂಗ್ ದೂರ ನಿಂತು ಯಾವ ಅಕ್ಷರ ಒತ್ತಬೇಕು ಎಂದು ಹೇಳಿದಳು. ಫೈಲು ಬಿಚ್ಚಿಕೊಂಡಿತು. ಲಿಯಾವ್ ಅತ್ತಿಗೆ ಗಂಟಲು ಸರಿಮಾಡಿಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ ಓದಿದಳು. "ಮಾತು ಓಡಬಾರದು, ತುಟಿ ಕಾಯಬಾರದು. ರುವಾನ್, ಮಾರ್ಚ್ ಆರು." ಮತ್ತೆ ತಾನೇ ಸೇರಿಸಿದಳು, "ಹಲಗೆ ಹತ್ಸಿದ್ದು ಮೇ ಇಪ್ಪತ್ತೆಂಟಕ್ಕೆ. ನಾನು ಮೂರನೇ ಸಾಲಲ್ಲಿ ನಿಂತಿದ್ದೆ."

ಪೇಲಿಂಗ್ ವರದಿಯನ್ನು ಅವನ ಮುಂದಿಟ್ಟಳು. "ಎರಡರಲ್ಲಿ ಒಂದು ಹೇಳಿ. ನನ್ನ ಪ್ಲೇಯರ್ ಕೆಟ್ಟದು ಅಂದ್ರೆ, ಆ ಕೆಟ್ಟದ್ದು ಈ ಮೂರು ಸಾವಿರದಲ್ಲೂ ಇದೆ. ಸರಕು ಗೇಟು ದಾಟಲ್ಲ. ಒಳ್ಳೇದು ಅಂದ್ರೆ, ಆವತ್ತು ಗಿರಾಕಿಗೆ ಬರೆದ ಪತ್ರ ಸುಳ್ಳು; ಸುಳ್ಳು ಯಾರದು ಅಂತ ಇಲ್ಲಿ ಹೆಸರು ಬರೀಬೇಕು. ನಂಗೆ ಎರಡೂ ಒಂದೇ. ನಿಧಾನವಾಗಿ ಯೋಚಿಸಿ, ಸಿಂಪಿ ತಿನ್ಕೊಂಡು."

ಸುಳ್ಳು ಹೇಳಿದಳು. ಎರಡೂ ಒಂದೇ ಆಗಿರಲಿಲ್ಲ. ಅವನು ಮೊದಲನೆಯದನ್ನು ಹೇಳಿಬಿಟ್ಟರೆ ಏನು ಗತಿ ಎಂಬ ಭಯ ಅವಳಿಗಿತ್ತು. ಆದರೆ ಕುವಾಂಗ್ ವ್ಯಾಪಾರದವನು. ಮಾನಕ್ಕಿಂತ ಹಡಗು ದೊಡ್ಡದು ಎಂದು ಅವನಿಗೆ ಗೊತ್ತು.

"ಚಿಕ್ಕ ರುವಾನ್," ಅಂದ ಅವನು, ದನಿ ಇಳಿಸಿ. "ಒಳಗೆ ಕಚೇರೀಲಿ ಕೂತು ಮಾತಾಡೋಣ. ಕ್ಷಮೆ ಕೇಳ್ಬೇಕಾ, ಕೇಳ್ತೀನಿ. ಚೀಫ್ ಎಂಜಿನಿಯರ್ ಮಾಡ್ತೀನಿ ಬಾ."

"ಆವತ್ತು ನನ್ನನ್ನ ಕಚೇರಿ ಒಳಗೆ ಓದಿಸಿದ್ರಾ? ಹೆಸರು ಬರೀರಿ."

ಬರೆದ. ಪ್ಲೇಯರ್ ರುವಾನ್ ಪೇಲಿಂಗಳದು, ದೂರಿನ ಮಾರನೆಯ ತಿಂಗಳಿನಿಂದ ಬಳಕೆಯಲ್ಲಿದೆ, ಹಿಂದಿನ ಪತ್ರ ಸುಳ್ಳು, ಹೊಣೆ ಕುವಾಂಗ್ ದೆಲಿನ್. ಮೊಹರು ಒತ್ತುವಾಗ ಕೆಂಪು ಶಾಯಿ ಬೆರಳಿಗೆ ಮೆತ್ತಿತು. "ಆಯ್ತಲ್ಲ? ಸಹಿ ಹಾಕು," ಅಂದ.

"ನಾಳೆ ಬೆಳಿಗ್ಗೆ ಹಾಕ್ತೀನಿ. ಅಂಗಳದಲ್ಲಿ. ನೀವು ಓದಿದ ಮೇಲೆ."

"ನಾನು ಯಾಕೆ ಓದ್ಲಿ?"

ಅದಕ್ಕೆ ಉತ್ತರ ಕೊಟ್ಟವಳು ಲಿಯಾವ್ ಅತ್ತಿಗೆ. "ವರದೀಲಿ ಯಾರ ಹೆಸರೋ ಅವರು ಓದ್ಬೇಕಲ್ವಾ ಸಾಹೇಬ್ರೇ. ಗೋಡೆ ಮೇಲೆ ನೀವೇ ಬರೆಸಿದ್ದು. ಮಾಡಿದ್ದುಣ್ಣೋ ಮಹಾರಾಯ."

ಮಾರನೆಯ ಬೆಳಿಗ್ಗೆ ಎಂಟಕ್ಕೆ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತಿದ್ದವು. ಅಂಗಳದಲ್ಲಿ ಒಬ್ಬರೂ ತಡವಾಗಿ ಬಂದಿರಲಿಲ್ಲ. ರಜೆ ಹಾಕಿದ್ದವರೂ ಬಂದಿದ್ದರು. ಕುವಾಂಗ್ ಹಲಗೆ ಹತ್ತಿದ. ಅದು ಅವನ ಭಾರಕ್ಕೆ ಕಿರುಗುಟ್ಟಿತು. ಕೈಯಲ್ಲಿ ತಾನೇ ಬರೆದ ತಪ್ಪೊಪ್ಪಿಗೆ, ಮೂರು ಪುಟ. ಗಡಗಡ ಎಂದು ಬಾಯಿಯೊಳಗೇ ಓದಿ ಮುಗಿಸಿ, ಇಳಿಯಲು ಕಾಲು ಕೆಳಗಿಟ್ಟ.

ಪೇಲಿಂಗ್ ಮುಂದಿನ ಸಾಲಿನ ಮುಂದೆ ನಿಂತಿದ್ದಳು. ವರದಿ ಬಗಲಲ್ಲಿತ್ತು, ಪೆನ್ನು ಜೇಬಿನಲ್ಲಿತ್ತು.

"ಮನಸ್ಸು ಕಾಣ್ತಿಲ್ಲ," ಅಂದಳು. "ಇನ್ನೊಂದ್ಸಲ ಓದಿ."

ಹೊರಗೆ ಒಬ್ಬ ಲಾರಿ ಡ್ರೈವರ್ ಹಾರ್ನ್ ಒತ್ತಿದ. ಕುವಾಂಗ್ ಕಾಲು ಮೇಲಕ್ಕೆ ತೆಗೆದುಕೊಂಡ. ಎರಡನೆಯ ಸಲವೂ ಮನಸ್ಸು ಕಾಣಲಿಲ್ಲ. ಮೂರನೆಯ ಸಲವೂ ಅಷ್ಟೆ. ತಿರುಪಿನ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಾಲ್ಕನೆಯ ಸಲ ಅವನ ದನಿ ಒಡೆಯಿತು. "ರುವಾನ್ ಪೇಲಿಂಗ್ ಮಾಡಿದ್ದು ಸರಿ ಇತ್ತು. ತಪ್ಪು ನಂದು. ಗೊತ್ತಿದ್ದೂ ಅವಳ ಮೇಲೆ ಹಾಕಿದೆ." ಅದು ಅಂಗಳದ ಕೊನೆಯ ಸಾಲಿಗೂ ಕೇಳಿಸಿತು. ಪೇಲಿಂಗ್‌ಗೆ ಕರುಣೆ ಬರಬಹುದೇ ಎಂದು ಅವಳೇ ತನ್ನೊಳಗೆ ತಡಕಿ ನೋಡಿದಳು. ಬರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಪಾಂಗ್ ಮೇಡಂ ಅಭ್ಯಾಸಬಲದಿಂದ ಮೊದಲಿನಿಂದ ಕೊನೆಯವರೆಗೂ ಫೋನ್ ಎತ್ತಿ ಹಿಡಿದುಕೊಂಡೇ ಇದ್ದಳು. ಆಮೇಲೆ ಎಚ್ಚರವಾಗಿ ಅದನ್ನು ಬೆನ್ನ ಹಿಂದೆ ಅಡಗಿಸಿದಳು.

"ಕೊಡಿ ಮೇಡಂ," ಅಂದಳು ಪೇಲಿಂಗ್. "ನಿಮ್ಮ ಕೈ ಒಳ್ಳೇದು, ಚೆನ್ನಾಗಿ ತೆಗೀತೀರಿ. ಪರೀಕ್ಷೆಗೆ ಒಂದು ಹೊಸ ವಿಡಿಯೋ ಬೇಕಿತ್ತು."

ಬಿಸಿಕೋಣೆಗೆ ಹೋಗಿ ಅದನ್ನು ಕಾರ್ಡಿಗೆ ಇಳಿಸಿ, ಒಂದು ಯಂತ್ರಕ್ಕೆ ಹಾಕಿದಳು. ಲಿಯಾವ್ ಅತ್ತಿಗೆ ಮೊಣಕೈ ಒತ್ತಿಕೊಂಡು ಪಕ್ಕದಲ್ಲಿ ನಿಂತಳು. ಪುಟ್ಟ ಸ್ಕ್ರೀನಿನಲ್ಲಿ ಪುಟ್ಟ ಕುವಾಂಗ್ ಹಲಗೆ ಹತ್ತಿದ. ನಾಲ್ಕನೆಯ ಓದಿನವರೆಗೂ ಇಬ್ಬರೂ ಅಲ್ಲಾಡದೆ ನೋಡಿದರು. ತುಟಿಗೂ ಮಾತಿಗೂ ಎಲ್ಲಿಯೂ ತಪ್ಪಲಿಲ್ಲ. ಪೇಲಿಂಗ್ ವರದಿಯ ಮೇಲೆ 'ಒಪ್ಪಿಗೆ' ಎಂದು ಬರೆದು ಸಹಿ ಹಾಕಿದಳು.

ಗೇಟಿನ ಹೊರಗಿನ ಅಂಗಡಿಯಲ್ಲಿ ಅಕ್ಕಿಹಿಟ್ಟಿನ ಸುರುಳಿ ಹೇಳಿ, ಬಿಸಿ ತಟ್ಟೆ ಬರುವುದರೊಳಗೆ ಆ ವಿಡಿಯೋವನ್ನು ಅಪ್ಪನ ಫೋನಿಗೆ ಕಳಿಸಿದಳು. ಏನೂ ಬರೆಯಲಿಲ್ಲ. ಸುರುಳಿ ಅರ್ಧ ಮುಗಿದಿತ್ತು, ಒಳಗಿನಿಂದ ಲಾರಿಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಫೋನ್ ಬಡಿದುಕೊಂಡಿತು.

"ಊಟ ಆಯ್ತಾ?" ಅಂದರು ಅಪ್ಪ. ದನಿ ಒದ್ದೆಯಾಗಿತ್ತು.

"ಆಯ್ತಪ್ಪಾ," ಅಂದಳು ಪೇಲಿಂಗ್. "ಇವತ್ತು ಹೊಟ್ಟೆ ತುಂಬ ಆಯ್ತು."

ಅಪ್ಪ ಫೋನ್ ಇಡಲಿಲ್ಲ. "ಆ ನಾಲ್ಕನೇ ಸಲ ಓದಿದ್ದು ಇದೆಯಲ್ಲ," ಅಂದರು, "ಅದನ್ನ ಇನ್ನೊಂದ್ಸಲ ಹಾಕೋದು ಹೇಗೆ, ಸ್ವಲ್ಪ ಹೇಳಿಕೊಡು."